ಮೀನುಬುಟ್ಟಿಗೆ ಊರು ಬರೆಯುವ ದಪ್ಪ ಪೆನ್ಸಿಲು

ಬೆಳಕು ಇನ್ನೂ ಸರಿಯಾಗಿ ಬಿಟ್ಟಿಲ್ಲ. ಮೀನಿನ ದೋಣಿಗಳು ಬಂದು ನಿಲ್ಲುವ ದಕ್ಕೆಯ ಕಡೆಯಿಂದ ಬುಟ್ಟಿ ಹೊತ್ತ ಹೆಂಗಸರು ಒಬ್ಬರ ಹಿಂದೆ ಒಬ್ಬರು ಬರುತ್ತಿದ್ದಾರೆ. ಬುಟ್ಟಿಯ ತಳದಿಂದ ಇಳಿದ ನೀರು ಅವರ ಬೆನ್ನ ಮೇಲೆ, ಅಲ್ಲಿಂದ ರಸ್ತೆಯ ಮೇಲೆ ತೊಟ್ಟಿಕ್ಕುತ್ತಿದೆ. ಬಂದರಿನ ಹೆಂಚಿನ ಗೋದಾಮೊಂದರ ಎದುರು ಪೆಟ್ರೋಲಿನ ಬದಲು ಇದ್ದಿಲ ಗ್ಯಾಸಿನಲ್ಲಿ ಓಡುವ ಬಸ್ಸು ನಿಂತಿದೆ. ಕ್ಲೀನರ್ ಅದರ ಹಿಂಬದಿಯ ಒಲೆಗೆ ಗಾಳಿ ತಿರುಗಿಸುತ್ತಿದ್ದಾನೆ. ಗೋದಾಮಿನ ಮಾಡಿನ ಕೆಳಗೆ, ಲಾಟೀನಿನ ಪಕ್ಕದಲ್ಲಿ ಕುಮುದಿನಿ ಕಾಲು ಮಡಚಿ ಕುಳಿತಿದ್ದಾರೆ. ಮಡಿಲಲ್ಲಿ ಅಂಗೈಯಗಲಕ್ಕೆ ಕತ್ತರಿಸಿದ ಅಡಿಕೆ ಹಾಳೆಯ ತುಂಡುಗಳು. ಬಲಗೈಯಲ್ಲಿ ಪೆನ್ಸಿಲು.

ಆ ಪೆನ್ಸಿಲನ್ನು ಒಮ್ಮೆ ನೋಡಿದವರು ಇನ್ನೊಮ್ಮೆ ನೋಡುತ್ತಾರೆ. ಅಂಗಡಿಯ ಪೆನ್ಸಿಲಿಗಿಂತ ಅದು ದಪ್ಪ. ತೀರ ಹೆಚ್ಚಲ್ಲ, ಕಣ್ಣಿಗೆ ಬೀಳುವಷ್ಟು. ಅದಕ್ಕೆ ಬಣ್ಣವಿಲ್ಲ, ಕಂಪೆನಿಯ ಹೆಸರೂ ಇಲ್ಲ. ಮೈತುಂಬ ಬಲೆಯ ನೂಲು ಸುತ್ತಿದೆ.

“ಎಂತ ಕುಮುದಕ್ಕ, ಇವತ್ತೂ ಒನಕೆ ತಂದಿದ್ದೀರಾ?” ಮೊದಲ ಬುಟ್ಟಿ ಇಳಿಸಿದ ಲಕ್ಷ್ಮೀ ಕೇಳುತ್ತಾಳೆ.

“ತಂದಿದ್ದೇನೆ. ನಿನ್ನ ಬಾಯಿ ಸ್ವಲ್ಪ ಕುಟ್ಲಿಕ್ಕೆ ಉಂಟು. ಊರು ಹೇಳು.”

“ಕಾರ್ಕಳ. ಅದೇ, ಹೋಟ್ಲಿನ ಸಂಕಪ್ಪಣ್ಣನಿಗೆ.”

“ಎಂತ ಮೀನು?”

“ಬಂಗುಡೆ. ನಿಮ್ಮದು ತೆಗೀರಿ. ದೊಡ್ಡದೇ ನೋಡಿ ತೆಗೀಬೇಡಿ ಮಾರಾಯ್ತಿ, ನನಗೂ ವ್ಯಾಪಾರ ಉಂಟು.”

ಕುಮುದಿನಿ ಬುಟ್ಟಿಯಿಂದ ಒಂದು ಬಂಗುಡೆ ತೆಗೆದು ಪಕ್ಕದ ಮಣ್ಣಿನ ಚಟ್ಟಿಗೆ ಹಾಕುತ್ತಾರೆ. ಚೀಟಿಗೆ ಒಂದು ಮೀನು, ಇದು ಇಲ್ಲಿನ ರೂಢಿ. ಹಾಳೆಯ ನುಣುಪು ಮಗ್ಗುಲನ್ನು ಮೇಲೆ ಮಾಡಿ, ಮೇಲೆ ಊರು, ಕೆಳಗೆ ಹೆಸರು ಬರೆಯುತ್ತಾರೆ. ಪೆನ್ಸಿಲು ಊರುವಾಗ ಅವರ ಹೆಬ್ಬೆರಳು ಬಾಗುವುದಿಲ್ಲ, ನೆಟ್ಟಗೆ ನಿಂತೇ ಇರುತ್ತದೆ. ಬರೆದ ಚೀಟಿಯನ್ನು ಲಕ್ಷ್ಮೀ ಕತ್ತದ ಹುರಿಯಿಂದ ಬುಟ್ಟಿಯ ಕಿವಿಗೆ ಬಿಗಿಯುತ್ತಾಳೆ. ಆಮೇಲೆ ದನಿ ತಗ್ಗಿಸಿ ಕೇಳುತ್ತಾಳೆ:

“ತಾರಾನಾಥಣ್ಣ ಬರ್ತಾರಾ ಇವತ್ತು?”

“ಬರ್ತೇನೆ ಅಂತ ಹೇಳಿದ್ದಾರೆ.”

“ಎಂತ ಹೇಳ್ಬಹುದು?”

“ನನಗೆ ಗೊತ್ತಿದ್ರೆ ಇಷ್ಟು ಬೇಗ ಯಾಕೆ ಎದ್ದು ಬರ್ತಿದ್ದೆ?” ಎಂದು ಕುಮುದಿನಿ ಮುಂದಿನ ಬುಟ್ಟಿಗೆ ಕೈ ಚಾಚುತ್ತಾರೆ.

ತಾರಾನಾಥ ಬಸ್ಸು ಕಂಪೆನಿಯ ಬುಕಿಂಗ್ ಗುಮಾಸ್ತರು. ಈ ಚೀಟಿಯ ಕೆಲಸ ಕುಮುದಿನಿಯ ಕೈಯಲ್ಲಿ ಉಳಿಯುವುದೋ ಇಲ್ಲವೋ ಎಂಬುದನ್ನು ದೀಪಾವಳಿ ಕಳೆದ ಮೇಲೆ ಹೇಳುವುದಾಗಿ ಅವರು ತಿಳಿಸಿದ್ದರು. ದೀಪಾವಳಿ ನಿನ್ನೆಗೆ ಮುಗಿದಿದೆ.

ಮೂಡಬಿದಿರೆ, ಕಾರ್ಕಳದ ಕಡೆಗೆ ಹೋಗುವ ಮೀನಿನ ಬುಟ್ಟಿಗಳೆಲ್ಲ ಈ ಬಸ್ಸಿನ ಮಾಡಿನ ಮೇಲೆ ಹೋಗುತ್ತವೆ. ಮಾರುವವರು ಇಲ್ಲಿಯೇ ಉಳಿಯುತ್ತಾರೆ. ಕೊಳ್ಳುವವರು ಅಲ್ಲಿ ಕಾದಿರುತ್ತಾರೆ. ನಡುವೆ ಬುಟ್ಟಿಗೆ ದಾರಿ ಹೇಳಲು ಈ ಚೀಟಿಯೊಂದೇ ಇರುವುದು. ಶಾಯಿಯಲ್ಲಿ ಬರೆದರೆ ಮೀನಿನ ನೀರಿಗೆ ಹರಿದುಹೋಗುತ್ತದೆ. ಕಾಗದ ಗುರುಪುರ ದಾಟುವ ಮೊದಲೇ ಮುದ್ದೆಯಾಗುತ್ತದೆ. ಹಾಗಾಗಿ ಅಡಿಕೆ ಹಾಳೆ, ಹಾಗಾಗಿ ಪೆನ್ಸಿಲು. ಬೆಳಿಗ್ಗೆ ಮೀನು ಚೆನ್ನಾಗಿ ಬಿದ್ದ ದಿನ ಐವತ್ತು ಅರವತ್ತು ಬುಟ್ಟಿಗೆ ಚೀಟಿ ಬರೆಯಬೇಕಾಗುತ್ತದೆ. ಎಲ್ಲವೂ ಬಸ್ಸಿನ ಒಲೆ ಕಾದು ಎಂಜಿನು ಎದ್ದೇಳುವುದರೊಳಗೆ ಮುಗಿಯಬೇಕು.

ಕುಮುದಿನಿಯ ಮನೆ ಬೋಳಾರದಲ್ಲಿ, ಹೊಳೆಯ ಬದಿಗೆ. ತಂದೆ ದೂಮಪ್ಪ ದೊಡ್ಡ ಬಲೆಯ ತಂಡದಲ್ಲಿ ಹಗ್ಗ ಎಳೆಯುತ್ತಿದ್ದವರು. ಹೆಣ್ಣುಮಕ್ಕಳನ್ನು ಶಾಲೆಗೆ ಕಳಿಸುವ ಅಭ್ಯಾಸ ಅವರ ಓಣಿಯಲ್ಲಿ ಇರಲಿಲ್ಲ. ಆದರೂ ಮಗಳು ನಾಲ್ಕನೆಯ ಕ್ಲಾಸಿನವರೆಗೆ ಓದಿದಳು. ಇದರಲ್ಲಿ ದೊಡ್ಡ ಆದರ್ಶವೇನೂ ಇರಲಿಲ್ಲ ಎಂದು ಕುಮುದಿನಿ ಹೇಳುತ್ತಾರೆ. “ಮನೆಯಲ್ಲಿ ಎಲ್ರೂ ದಕ್ಕೆಗೆ ಹೋಗುವವರು. ನನ್ನನ್ನು ನೋಡ್ಲಿಕ್ಕೆ ಜನ ಇರ್ಲಿಲ್ಲ. ಶಾಲೆಯಲ್ಲಿ ಆದ್ರೆ ಟೀಚರು ನೋಡ್ತಾರಲ್ಲ, ಅದಕ್ಕೆ ಕಳಿಸಿದ್ದು.”

ಆಮೇಲೆ ಗೇರುಬೀಜದ ಕಾರ್ಖಾನೆ. ಸುಟ್ಟ ಬೀಜದ ಸಿಪ್ಪೆ ಒಡೆಯುವ ಕೆಲಸ. ಸಿಪ್ಪೆಯ ಎಣ್ಣೆ ತಾಗಿದಲ್ಲಿ ಚರ್ಮ ಕಪ್ಪಾಗಿ ಏಳುತ್ತದೆ. ಬೂದಿ ಹಚ್ಚಿಕೊಂಡು ಕೆಲಸಕ್ಕೆ ಕೂರುತ್ತಿದ್ದರು, ಬೂದಿ ಬೆವರಿಗೆ ಇಳಿದುಹೋಗುತ್ತಿತ್ತು. ಮದುವೆಯಾಗಿ ಎರಡು ಹೆರಿಗೆ ಆಗುವವರೆಗೂ ಆ ಕೆಲಸ ನಡೆಯಿತು. ಬಿಡುವ ಹೊತ್ತಿಗೆ ಬಲಗೈಯ ಹೆಬ್ಬೆರಳಿನ ಗಂಟು ಮರಗಟ್ಟಿತ್ತು, ತೋರುಬೆರಳು ಅರ್ಧಕ್ಕೇ ಬಾಗುತ್ತಿತ್ತು. “ಮೀನು ಕೊಯ್ಲಿಕ್ಕೆ ಆಗ್ತದೆ, ನೀರು ಸೇದ್ಲಿಕ್ಕೆ ಆಗ್ತದೆ. ಸಪೂರದ್ದು ಹಿಡೀಲಿಕ್ಕೆ ಮಾತ್ರ ಆಗುದಿಲ್ಲ,” ಎಂದು ಕೈ ಬಿಡಿಸಿ ತೋರಿಸುತ್ತಾರೆ.

ಚೀಟಿ ಬರೆಯಲು ತೊಡಗಿದ್ದು ಯಾರೋ ನೇಮಿಸಿದ್ದರಿಂದಲ್ಲ. ದಕ್ಕೆಯಲ್ಲಿ ಮೀನು ಕೊಳ್ಳಲು ಹೋದ ಒಂದು ಬೆಳಿಗ್ಗೆ ಹೆಂಗಸರಿಬ್ಬರು ಬುಟ್ಟಿ ಯಾರದ್ದೆಂದು ಜಗಳವಾಡುತ್ತಿದ್ದರು. ಆಗೆಲ್ಲ ಬುಟ್ಟಿಗೆ ಗುರುತು ಎಂದರೆ ಬಟ್ಟೆಯ ಚೂರು, ಹೆಚ್ಚೆಂದರೆ ಸುಣ್ಣದ ಗೀಟು. ಕುಮುದಿನಿ ಮಗನ ಶಾಲೆಯ ಪೆನ್ಸಿಲು ತಂದು ಹಾಳೆಯ ಮೇಲೆ ಹೆಸರು ಬರೆದುಕೊಟ್ಟರು. ಮರುದಿನ ನಾಲ್ಕು ಮಂದಿ ಕೇಳಿಕೊಂಡು ಬಂದರು. ಅಂದಿನಿಂದ ಗೋದಾಮಿನ ಮಾಡಿನ ಕೆಳಗೆ ಅವರದೊಂದು ಜಾಗವಾಯಿತು.

ಗಂಡ ಯಾದವನಿಗೆ ಓದು ಬರಹವಿಲ್ಲ. ಬಲೆ ಎಳೆಯುವ ತಂಡದಲ್ಲಿದ್ದಾನೆ, ಬಿಡುವಿನಲ್ಲಿ ಬಲೆ ಹೆಣೆಯುತ್ತಾನೆ. “ಕಡಲಿಗೆ ಹೋಗುವವ ನಾನು. ಮನೆಗೆ ಮೀನು ತರುವವಳು ಇವಳು,” ಎಂದು ಅವನು ನಗುತ್ತಾನೆ. ಇದು ತಮಾಷೆಯೂ ಹೌದು, ನಿಜವೂ ಹೌದು.

ತೊಂದರೆ ಶುರುವಾದದ್ದು ಯುದ್ಧದಿಂದ. ಮೊದಲು ಸಿಗುತ್ತಿದ್ದ ಪರದೇಶದ ಪೆನ್ಸಿಲು ಒಳ್ಳೆಯದಿತ್ತು. ಹೆಚ್ಚು ಒತ್ತದಿದ್ದರೂ ಹಾಳೆಯ ಮೇಲೆ ಕಪ್ಪಾಗಿ ಮೂಡುತ್ತಿತ್ತು. ಯುದ್ಧದ ಐದನೆಯ ವರ್ಷ ಇದು. ಈಗ ಅಂಗಡಿಯಲ್ಲಿರುವ ಪೆನ್ಸಿಲು ಕಡ್ಡಿಯಷ್ಟು ಸಪೂರ, ಸೀಸ ಬೂದಿಬಣ್ಣ. ಒತ್ತಿದರೆ ಮುರಿಯುತ್ತದೆ, ಒತ್ತದಿದ್ದರೆ ಕಾಣುವುದಿಲ್ಲ. ಬಾಗದ ಹೆಬ್ಬೆರಳಿಗೆ ಅದು ನಿಲ್ಲದೆ, ಕುಮುದಿನಿ ತೋರುಬೆರಳು ನಡುಬೆರಳುಗಳ ಸಂದಿಯಲ್ಲಿ ಸಿಕ್ಕಿಸಿಕೊಂಡು ಬರೆಯತೊಡಗಿದರು. ಹತ್ತು ಚೀಟಿ ಆಗುವುದರೊಳಗೆ ನೋವು ಮೊಣಕೈ ಮುಟ್ಟುತ್ತಿತ್ತು. ಕೊನೆಯ ಚೀಟಿಗಳಲ್ಲಿ ಅಕ್ಷರ ಇತ್ತು ಎಂದು ಹೇಳಬಹುದಿತ್ತು, ಅಷ್ಟೇ.

ಮಳೆಗಾಲ ಕಳೆದು ಮೀನು ಶುರುವಾದ ಹೊಸದರಲ್ಲಿ ಮೂಡಬಿದಿರೆಯಲ್ಲಿ ಇಳಿಯಬೇಕಾದ ಒಂದು ಬುಟ್ಟಿ ಇಳಿಯಲಿಲ್ಲ. ಚೀಟಿ ಎಷ್ಟು ಮಾಸಲಾಗಿತ್ತೆಂದರೆ ಕಂಡಕ್ಟರಿಗೆ ಅದರಲ್ಲಿ ಏನೂ ಕಾಣಲಿಲ್ಲ. ಬುಟ್ಟಿ ಕಾರ್ಕಳಕ್ಕೆ ಹೋಯಿತು, ಅಲ್ಲಿ ಯಾರೂ ತಮ್ಮದೆನ್ನಲಿಲ್ಲ, ಮರುದಿನ ಅದೇ ಬಸ್ಸಿನಲ್ಲಿ ಹಿಂದೆ ಬಂತು. ಒಳಗಿದ್ದ ಬೂತಾಯಿ ಮೀನಿನ ಸ್ಥಿತಿ ಹೇಳಬೇಕಾಗಿಲ್ಲ. ಅದರ ನೀರು ಒಬ್ಬ ಪ್ರಯಾಣಿಕರ ಮದುವೆಯ ಜವಳಿಯ ಗಂಟಿನ ಮೇಲೆ ಇಳಿದಿತ್ತು.

ತಾರಾನಾಥ ಕಠಿಣ ಮನುಷ್ಯರಲ್ಲ. ಆದರೆ ದೂರು ಬಂದದ್ದು ಅವರ ಮೇಜಿಗೆ. “ನೋಡಿ ಕುಮುದಿನಿಯವರೆ,” ಎಂದರಂತೆ, “ನಾನು ದೀಪಾವಳಿ ತನಕ ನೋಡ್ತೇನೆ. ಅಷ್ಟರೊಳಗೆ ಓದ್ಲಿಕ್ಕೆ ಆಗುವ ಹಾಗೆ ಬರೆದ್ರೆ ಸರಿ. ಇಲ್ಲದಿದ್ರೆ ಕಂಪೆನಿಯೇ ಊರಿನ ಹೆಸರು ಹೊಡೆಸಿದ ತಗಡಿನ ಬಿಲ್ಲೆ ಕಟ್ತದೆ.” ಈ ಮಾತನ್ನು ಇಬ್ಬರೂ ಒಂದೇ ರೀತಿ ನೆನಪಿಸಿಕೊಳ್ಳುತ್ತಾರೆ. ಬಿಲ್ಲೆಯಲ್ಲಿ ಊರು ಇರುತ್ತದೆ, ಪಡೆಯುವವರ ಹೆಸರು ಇರುವುದಿಲ್ಲ. ಕಾರ್ಕಳದಲ್ಲಿ ಇಳಿದ ಇಪ್ಪತ್ತು ಬುಟ್ಟಿಯಲ್ಲಿ ಯಾವುದು ಯಾರದ್ದೆಂದು ಹೇಳುವವರು ಯಾರು ಎಂದು ಲಕ್ಷ್ಮೀ ಅಲ್ಲಿಯೇ ಕೇಳಿದಳು. ತಾರಾನಾಥ ದೂರಿನ ಕಾಗದ ತೋರಿಸಿದರು.

ಕುಮುದಿನಿಗೆ ಬೇರೆ ದಾರಿ ಇತ್ತು: ಪುನಃ ಗೇರುಬೀಜದ ಕಾರ್ಖಾನೆ. “ಅಲ್ಲಿ ಈಗಲೂ ಕರೀತಾರೆ. ಆದ್ರೆ ಈ ಕೈಯನ್ನು ಪುನಃ ಆ ಎಣ್ಣೆಗೆ ಹಾಕ್ಲಿಕ್ಕೆ ನನಗೆ ಮನಸ್ಸಿಲ್ಲ. ಉಳಿದದ್ದೇ ಇಷ್ಟು.”

ದಪ್ಪ ಪೆನ್ಸಿಲು ಬಂದದ್ದು ಇದೇ ಹೊತ್ತಿಗೆ, ಪಕ್ಕದ ಓಣಿಯ ಮುದ್ದು ಆಚಾರಿಯ ಕೈಯಿಂದ. ಮುದ್ದು ಆಚಾರಿ ದೋಣಿ ಮಾಡುವವರು. ಯುದ್ಧದಿಂದ ಸಾಮಾನು ಸಿಗದೆ ಹೊಸ ದೋಣಿಯ ಕೆಲಸ ನಿಂತಿದೆ. ಬಂದರಿನ ಅಂಗಡಿಯೊಂದರಲ್ಲಿ ಬಡಗಿಗಳ ಪೆನ್ಸಿಲಿಗೆಂದು ಹಿಂದೆ ತರಿಸಿ ಹಾಗೆಯೇ ಬಿದ್ದಿದ್ದ ಸೀಸದ ಕಡ್ಡಿಗಳ ಪೆಟ್ಟಿಗೆ ಅವರ ಕಣ್ಣಿಗೆ ಬಿತ್ತು. ದೋಣಿಯ ಮಾವಿನ ಹಲಗೆಯ ತುಂಡುಗಳು ಮನೆಯಲ್ಲಿದ್ದವು. ಹಲಗೆಯನ್ನು ಎರಡು ಸೀಳು ಮಾಡಿ, ನಡುವೆ ತೋಡು ಕೊರೆದು, ಸೀಸ ಇಟ್ಟು, ಅಂಟು ಹಾಕಿ ಮುಚ್ಚಿದರು. ಹೆಚ್ಚು ಸಪೂರ ಮಾಡಿದರೆ ಮಾವಿನ ಮರ ಸೀಳುತ್ತದೆ. ಹಾಗಾಗಿ ದಪ್ಪ ಬಿಟ್ಟರು. ಶಾಲೆಗಳಿಗೆ ಕೊಡಬಹುದು ಎಂಬುದು ಅವರ ಲೆಕ್ಕಾಚಾರ.

“ಮಕ್ಕಳಿಗೆ ಕೊಡ್ಲಿಕ್ಕೆ ಮೊದಲು ದಿನಾ ಬರೆಯುವವರ ಕೈಯಲ್ಲಿ ಇದು ಬಾಳ್ತದಾ ನೋಡ್ಬೇಕಲ್ಲ,” ಎಂದು ಆಚಾರಿ ಒಂದನ್ನು ಕುಮುದಿನಿಯ ಜಗಲಿಯ ಮೇಲೆ ಇಟ್ಟರು. “ನಮ್ಮ ಓಣಿಯಲ್ಲಿ ದಿನಾ ಬರೆಯುವವರು ಅಂತ ಇರುವುದು ನೀವೊಬ್ರೇ.”

ಕುಮುದಿನಿ ಅದನ್ನು ಹಿಡಿದು ನೋಡಿದರು. ಹೆಬ್ಬೆರಳು ಬಾಗಬೇಕಾಗಿರಲಿಲ್ಲ. ನೆಟ್ಟಗಿದ್ದ ಬೆರಳಿಗೆ ಪೆನ್ಸಿಲೇ ಬಂದು ಒರಗಿತು. ಎಷ್ಟೋ ತಿಂಗಳಿನಿಂದ ಮೊದಲ ಬಾರಿಗೆ ಒಂದು ಸಾಲು ನೋವಿಲ್ಲದೆ ಬರೆದರು. ಬರೆದದ್ದು ‘ಮೂಡಬಿದಿರೆ’ ಎಂದು.

ಆದರೆ ಮರುದಿನ ಬೆಳಿಗ್ಗೆ ಬೋಳಾರದಿಂದ ಬಂದರಿಗೆ ಹೊರಟಾಗ ಹಿಂದಿನಿಂದ ಮೂರು ಬೆಕ್ಕುಗಳು ಬಂದವು. ಹೋಗುವಾಗ ಕುಮುದಿನಿಯ ಚಟ್ಟಿ ಖಾಲಿ; ಬೆಕ್ಕು ಯಾಕೆ ಬರುತ್ತಿದೆ ಎಂದು ಅವರಿಗೆ ತಿಳಿಯಲಿಲ್ಲ. ಗೋದಾಮಿನಲ್ಲಿ ಕುಳಿತು ಬರೆಯತೊಡಗಿದ ಮೇಲೆ ತಿಳಿಯಿತು. ಮೊದಲ ಕೆಲವು ಚೀಟಿ ಚೆನ್ನಾಗಿ ಬಂತು. ಆಮೇಲೆ ಕೈ ಬಿಸಿಯಾಗುತ್ತಿದ್ದಂತೆ ಪೆನ್ಸಿಲಿನ ಮೈಯಿಂದ ಎಣ್ಣೆ ಹೊರಟು, ಬೆರಳಿಗೂ ಬೆರಳಿನಿಂದ ಹಾಳೆಗೂ ಹತ್ತಿತು. ಎಣ್ಣೆ ಹತ್ತಿದಲ್ಲಿ ಸೀಸ ಜಾರಿತು, ಅಕ್ಷರ ಮೂಡಲಿಲ್ಲ. ಲಾಟೀನಿನ ಬೆಳಕಿನಲ್ಲಿ ಎಣ್ಣೆಯ ಮಿನುಗು ಅಕ್ಷರದ ಹಾಗೆಯೇ ಕಂಡದ್ದರಿಂದ ಅಕ್ಷರ ಮೂಡದ್ದು ಅವರ ಗಮನಕ್ಕೆ ಬರಲಿಲ್ಲ. ಆ ದಿನ ಇನ್ನೊಂದು ಬುಟ್ಟಿ ದಾರಿ ತಪ್ಪಿತು.

ಮುದ್ದು ಆಚಾರಿ ಪೆನ್ಸಿಲಿಗೆ ಬೂತಾಯಿ ಎಣ್ಣೆ ತಿಕ್ಕಿದ್ದರು. ಅವರ ಮನೆಯಲ್ಲಿ ಅಜ್ಜನ ಕಾಲದಿಂದ ಮರ ಕೆತ್ತಿ ಮುಗಿದ ಕೂಡಲೇ ಮಾಡುವ ಕೆಲಸ ಅದು. ದೋಣಿಗೆ ಹುಳ ಹಿಡಿಯದಿರಲಿ, ನೀರು ಕುಡಿಯದಿರಲಿ ಎಂದು.

“ಎಣ್ಣೆ ತಿನ್ನಿಸದೆ ಯಾರಾದ್ರೂ ಮರವನ್ನು ನೀರಿಗೆ ಇಳಿಸ್ತಾರಾ?” ಎಂದು ಆಚಾರಿ ಕೇಳಿದರು.

“ಆಚಾರ್ರೆ, ಇದು ನೀರಿಗೆ ಇಳಿಯುವುದಲ್ಲ, ಹಾಳೆಗೆ ಇಳಿಯುವುದು,” ಎಂದರು ಕುಮುದಿನಿ. “ಶಾಲೆಗೆ ಕೊಟ್ಟಿದ್ರೆ ಎಂತ ಆಗ್ತಿತ್ತು? ಇಡೀ ಕ್ಲಾಸಿಗೆ ಬೆಕ್ಕು ನುಗ್ಗಿ ಕೂರ್ತಿತ್ತು.”

ಆಚಾರಿ ಒಂದು ಕ್ಷಣ ಸಿಟ್ಟಿನಲ್ಲಿದ್ದರು, ಆಮೇಲೆ ತಾವೂ ನಕ್ಕರು. ಕುಮುದಿನಿ ಮಾತ್ರ ನಗಲಿಲ್ಲ. ಗುಮಾಸ್ತರು ಎರಡನೆಯ ತಪ್ಪನ್ನು ಪುಸ್ತಕದಲ್ಲಿ ಬರೆದುಕೊಂಡು ಹೋಗಿದ್ದರು. ಬೈದಿದ್ದರೆ ವಾಸಿಯಿತ್ತು ಎನಿಸಿತ್ತು ಅವರಿಗೆ.

ಎರಡನೆಯ ಪೆನ್ಸಿಲು ಎಣ್ಣೆಯಿಲ್ಲದ್ದು. ಅದು ಮೂರು ಬೆಳಿಗ್ಗೆ ಚೆನ್ನಾಗಿ ಬರೆಯಿತು. ನಾಲ್ಕನೆಯ ಬೆಳಿಗ್ಗೆ, ಇಬ್ಬನಿಯೂ ಮೀನಿನ ನೀರೂ ಸೇರಿ, ಒಳಗಿನ ಅಂಟು ಕರಗಿತು. ಬರೆಯುತ್ತಿದ್ದ ಹಾಗೆಯೇ ಪೆನ್ಸಿಲು ಉದ್ದಕ್ಕೆ ಎರಡಾಗಿ, ಬೆಂದ ಮರುವಾಯಿ ಚಿಪ್ಪು ಬಾಯಿ ಬಿಟ್ಟ ಹಾಗೆ ಬಿಚ್ಚಿಕೊಂಡಿತು. ಉಳಿದ ಚೀಟಿಗಳನ್ನು ಕುಮುದಿನಿ ಬರಿಯ ಸೀಸದ ಕಡ್ಡಿ ಹಿಡಿದು ಮುಗಿಸಿದರು.

ಸಂಜೆ ಆಚಾರಿ ಬಂದು ಎರಡು ಸೀಳನ್ನೂ ತಿರುಗಿಸಿ ನೋಡಿದರು. “ಒಳ್ಳೆ ಅಂಟು ಈಗ ಸಿಗುದಿಲ್ಲ. ಆಗ್ಲಿಕ್ಕಿಲ್ಲ ಕುಮುದಕ್ಕ, ಇದು ನನ್ನ ಕೈಯ ಕೆಲಸ ಅಲ್ಲ,” ಎಂದು ಎದ್ದು ನಿಂತರು.

ಜಗಲಿಯ ಇನ್ನೊಂದು ತುದಿಯಲ್ಲಿ ಯಾದವ ಹರಿದ ಬಲೆಯ ಕಣ್ಣುಗಳನ್ನು ಹೆಣೆಯುತ್ತಿದ್ದ. ಅವನು ತಲೆ ಎತ್ತದೆಯೇ ಹೇಳಿದ: “ಅದಕ್ಕೆ ಅಂಟು ಯಾಕೆ ಬೇಕು ಆಚಾರ್ರೆ? ನಿಮ್ಮ ಅಜ್ಜ ದೋಣಿಗೆ ಅಂಟು ಹಾಕ್ತಿದ್ರಾ? ಹಲಗೆಗೆ ಹಲಗೆ ಸೇರಿಸಿ ಹಗ್ಗದಲ್ಲಿ ಹೊಲೀತಿದ್ರು, ಅಲ್ವಾ?”

“ಪೆನ್ಸಿಲಿಗೆ ತೂತು ಕೊರೆದು ಹೊಲೀಲಿಕ್ಕೆ ಆಗ್ತದಾ ಮಾರಾಯ?”

“ಹೊಲೀಬೇಡಿ, ಸುತ್ತಿ.”

ಯಾದವ ಸೀಳುಗಳನ್ನು ಈಸಿಕೊಂಡು, ನಡುವೆ ಸೀಸ ಇಟ್ಟು, ಮರದ ತೊಗಟೆಯ ರಸದಲ್ಲಿ ಅದ್ದಿ ಒಣಗಿಸಿದ ಬಲೆಯ ನೂಲನ್ನು ಬುಡದಿಂದ ತುದಿಯವರೆಗೆ ಒತ್ತೊತ್ತಾಗಿ ಸುತ್ತಿದ. ಬಲೆಯ ಅಂಚಿಗೆ ಹಾಕುವ ಗಂಟನ್ನೇ ಹಾಕಿ ಬಿಗಿದ. ಈ ನೂಲು ನೀರು ಕುಡಿದಷ್ಟೂ ಬಿಗಿಯುತ್ತದೆ. ಅಂಟನ್ನು ಬಿಡಿಸಿದ ನೀರು ಇದನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ. ಪೆನ್ಸಿಲು ಹೆರೆಯುವಾಗ ತುದಿಯಿಂದ ಒಂದೊಂದು ಸುತ್ತು ಬಿಚ್ಚಿಕೊಂಡು ಹೋದರೆ ಸಾಕು. ಇನ್ನೊಂದು ಲಾಭವನ್ನು ಯಾರೂ ಎಣಿಸಿರಲಿಲ್ಲ. ಒದ್ದೆ ಬೆರಳಿಗೆ ಮರ ಜಾರುತ್ತಿತ್ತು, ನೂಲು ಜಾರಲಿಲ್ಲ. ಕುಮುದಿನಿ ಇಡೀ ಕೈಯ ಭಾರ ಹಾಕಿ ಒತ್ತಬಹುದಾಯಿತು.

ಹಳೆಯ ಪೆನ್ಸಿಲಿನಂತೆ ಇದನ್ನೂ ಅವರು ತುರುಬಿಗೆ ಸಿಕ್ಕಿಸಿಕೊಂಡು ಬಂದರು. ದಕ್ಕೆಯ ಹೆಂಗಸರಿಗೆ ಎರಡು ದಿನ ಅದೇ ಮಾತು. “ಯಾದವಣ್ಣ ಹೆಂಡ್ತಿಗೆ ಚಿನ್ನದ ಪಿನ್ನು ಮಾಡಿಸಿ ಕೊಟ್ಟಿದ್ದಾರೆ” ಎಂದು ಒಬ್ಬಳು. “ಅಲ್ಲ, ಬಲೆಗೆ ಬಿದ್ದದ್ದನ್ನು ತಲೆಗೆ ಕಟ್ಟಿದ್ದಾರೆ” ಎಂದು ಇನ್ನೊಬ್ಬಳು. ಬರೆಯುವ ಕೈ ನಿಲ್ಲಲಿಲ್ಲ.

ನಿಜವಾದ ಪರೀಕ್ಷೆ ದೀಪಾವಳಿಗೆ ನಾಲ್ಕು ದಿನ ಇರುವಾಗ, ಯಾರೂ ಇಡದೆ ತಾನಾಗಿ ಬಂತು. ಬಸ್ಸು ಹೊರಟ ಸ್ವಲ್ಪ ಹೊತ್ತಿಗೆ ಆಕಾಶ ಕಪ್ಪಾಗಿ ಗುಡುಗು ಮಳೆ ಹೊಡೆಯಿತು. ಗುರುಪುರದ ಏರಿನಲ್ಲಿ ಇದ್ದಿಲು ಒದ್ದೆಯಾಗಿ ಬಸ್ಸು ನಿಂತಿತು. ಹಿಂದಿನಿಂದ ಬಂದ ಎರಡು ಲಾರಿಗಳಿಗೆ ಬುಟ್ಟಿಗಳನ್ನು ಹಂಚಿ ಹಾಕಬೇಕಾಯಿತು. ಒಂದು ಮೂಡಬಿದಿರೆಯವರೆಗೆ ಮಾತ್ರ ಹೋಗುವುದು, ಇನ್ನೊಂದು ಕಾರ್ಕಳಕ್ಕೆ. ಬುಟ್ಟಿಗೆ ಬುಟ್ಟಿ ಉಜ್ಜಿ, ಮೇಲಿಂದ ಮಳೆ ಹೊಡೆದು, ಚೀಟಿಗಳ ಮೇಲಿನ ಕಪ್ಪು ಅರ್ಧಕ್ಕರ್ಧ ತೊಳೆದುಹೋಗಿತ್ತು. ಆರಿಸುವ ಕೆಲಸ ಕಂಡಕ್ಟರ್ ಹಾಶಿಂ ಅವರ ತಲೆಗೆ ಬಂತು.

“ಮೊದಲ ಚೀಟಿ ನೋಡಿ ತಲೆಗೆ ಕೈ ಕೊಟ್ಟೆ,” ಎಂದು ಹಾಶಿಂ ಹೇಳುತ್ತಾರೆ. “ಕಪ್ಪು ಇಲ್ಲ. ಆಮೇಲೆ ಒರಸ್ಲಿಕ್ಕೆ ಅಂತ ಹೆಬ್ಬೆಟ್ಟು ಎಳೆದೆ. ಬೆರಳಿಗೆ ಅಕ್ಷರ ಸಿಕ್ತು! ಹಾಳೆಯಲ್ಲಿ ಉಳಿಯಲ್ಲಿ ಕೆತ್ತಿದ ಹಾಗೆ ಕುಳಿ ಬಿದ್ದಿದೆ. ಮತ್ತೆ ಎಂತ? ಸ್ವಲ್ಪ ಓರೆ ಹಿಡಿದ್ರೆ ಕಾಣ್ತದೆ, ಕಾಣದಿದ್ದಲ್ಲಿ ಬೆರಳು. ಅರ್ಧ ಬುಟ್ಟಿ ನಾನು ಕಣ್ಣಿನಲ್ಲಿ ಓದ್ಲಿಲ್ಲ, ಹೆಬ್ಬೆಟ್ಟಿನಲ್ಲಿ ಓದಿದೆ.”

ಆ ದಿನದ ಬುಟ್ಟಿಗಳು ತಡವಾಗಿ ಮುಟ್ಟಿದವು. ಆದರೆ ಎಲ್ಲವೂ ಮುಟ್ಟಬೇಕಾದಲ್ಲಿಗೇ ಮುಟ್ಟಿದವು. ಎರಡೂ ಊರಿನಲ್ಲಿ ಕೊಂಡವರಿಂದ ದೂರು ಬಂದಿಲ್ಲವೆಂದು ಕಂಪೆನಿಯವರೂ ಒಪ್ಪುತ್ತಾರೆ. ಆದರೂ ತಾರಾನಾಥರ ತೀರ್ಮಾನ ಇನ್ನೂ ಬಾಕಿ ಇತ್ತು.

ಈಗ ಬೆಳಕು ಹರಿದಿದೆ. ಲಾಟೀನು ಆರಿಸಿದ್ದಾರೆ. ಬುಟ್ಟಿಗಳ ಸಾಲು ಕರಗುತ್ತಾ ಬಂದಿರುವಾಗ ತಾರಾನಾಥ ಸೈಕಲಿನಲ್ಲಿ ಬರುತ್ತಾರೆ. ಸೈಕಲನ್ನು ಗೋದಾಮಿನ ಗೋಡೆಗೆ ಒರಗಿಸಿ, ಕೋಟಿನ ಜೇಬಿನಿಂದ ಎರಡು ಹಾಳೆಚೀಟಿ ತೆಗೆಯುತ್ತಾರೆ. ಒಂದು ದೂರಿಗೆ ಕಾರಣವಾದ ಮೊದಲಿನದು. ಇನ್ನೊಂದು ಮಳೆಯ ದಿನದ್ದು, ಹಾಶಿಂ ತಂದುಕೊಟ್ಟದ್ದು. ಹೆಂಗಸರು ಬುಟ್ಟಿ ಬಿಟ್ಟು ಸುತ್ತ ಬಂದು ನಿಲ್ಲುತ್ತಾರೆ.

“ಇದು ಬರೆದದ್ದು ನೀವೇ, ಅದೂ ನೀವೇ?” ತಾರಾನಾಥ ಕೇಳುತ್ತಾರೆ.

“ಕೈ ಒಂದೇ. ಪೆನ್ಸಿಲು ಬೇರೆ.”

“ಒಂದು ಬರೀರಿ ನೋಡುವ.”

ಕುಮುದಿನಿ ಸರದಿಯಲ್ಲಿದ್ದ ಬುಟ್ಟಿಯ ಊರು ಕೇಳಿ ಬರೆಯುತ್ತಾರೆ. ಅವಸರವಿಲ್ಲ, ನಿಧಾನವೂ ಇಲ್ಲ. ಉಳಿದ ಚೀಟಿಗೆ ಎಷ್ಟೋ ಅಷ್ಟೇ ಹೊತ್ತು. ತಾರಾನಾಥ ಆ ಚೀಟಿಯನ್ನು ಮೀನಿನ ಬುಟ್ಟಿಯ ನೀರಿಗೆ ಅದ್ದುತ್ತಾರೆ, ಧೋತರದ ಅಂಚಿನಿಂದ ಗಟ್ಟಿಯಾಗಿ ಉಜ್ಜುತ್ತಾರೆ, ಬೆಳಕಿಗೆ ಓರೆ ಹಿಡಿಯುತ್ತಾರೆ. ಬಸ್ಸಿನ ಎಂಜಿನು ಒಮ್ಮೆ ಕೆಮ್ಮಿ ಸುಮ್ಮನಾಗುತ್ತದೆ.

“ಓದ್ಲಿಕ್ಕೆ ಆಗ್ತದೆ,” ಎಂದು ತಾರಾನಾಥ ಕೊನೆಗೆ ಹೇಳುತ್ತಾರೆ. “ಬಿಲ್ಲೆ ಬೇಡ ಅಂತ ಮೇಲಿನವರಿಗೆ ಹೇಳ್ತೇನೆ. ನೀವೇ ಬರೀರಿ. ಆದ್ರೆ ಚೀಟಿ ಬುಟ್ಟಿಯ ಹೊರಬದಿಗೇ ಇರ್ಬೇಕು. ಮತ್ತೆ ಆ ಎಣ್ಣೆಯ ಪೆನ್ಸಿಲು ಈ ಕಡೆ ಬರ್ಬಾರ್ದು.”

“ಅದನ್ನು ಬೆಕ್ಕಿಗೇ ಕೊಟ್ಟಾಗಿದೆ,” ಎನ್ನುತ್ತಾಳೆ ಲಕ್ಷ್ಮೀ. ನಗುವಿನ ನಡುವೆ ಒಬ್ಬಳು ಗುಮಾಸ್ತರ ಕೈಗೆ ನಾಲ್ಕು ಬಂಗುಡೆ ಕೋದ ನಾರು ಹಿಡಿಸಲು ನೋಡುತ್ತಾಳೆ. “ಆಫೀಸಿಗೆ ಹೋಗುವವ ನಾನು, ಇದನ್ನು ಎಲ್ಲಿ ಇಡುವುದು?” ಎಂದು ಅವರು ಸೈಕಲು ಹತ್ತುತ್ತಾರೆ.

ಕುಮುದಿನಿ ಸೆರಗಿನಿಂದ ಮುಖ ಒರಸಿಕೊಂಡು, “ಊರು ಹೇಳು” ಎಂದು ಮುಂದಿನವಳನ್ನು ಕೇಳುತ್ತಾರೆ. ದನಿ ಮಾತ್ರ ಎಂದಿಗಿಂತ ಸ್ವಲ್ಪ ದೊಡ್ಡದಾಗಿದೆ.

ಮುದ್ದು ಆಚಾರಿಯ ಪೆನ್ಸಿಲು ಶಾಲೆಗೆ ಹೋಗಲಿಲ್ಲ. ಜೆಪ್ಪುವಿನ ಒಬ್ಬ ಮಾಸ್ತರರು ತರಿಸಿ ನೋಡಿ, ಮಕ್ಕಳ ಬೆರಳಿಗೆ ಇದು ದೊಡ್ಡದಾಯಿತೆಂದು ಹಿಂದೆ ಕಳಿಸಿದರು. ಆಚಾರಿಗೆ ಬೇಸರವಾದಂತೆ ಕಾಣುವುದಿಲ್ಲ. ಗೋದಾಮುಗಳಲ್ಲಿ ಚೀಲಕ್ಕೆ ಗುರುತು ಬರೆಯುವವರು, ದಕ್ಕೆಯಲ್ಲಿ ಹೊರೆ ಇಳಿಸುವ ಮೇಸ್ತ್ರಿಗಳು ಕೇಳಿಕೊಂಡು ಬರುತ್ತಿದ್ದಾರೆ. “ಕೆಲಸ ಮಾಡಿ ಕೈ ದೊಡ್ಡದಾದವರಿಗೆ ಇದು. ಅಂಥವರು ಬಂದರಿನಲ್ಲಿ ಬೇಕಾದಷ್ಟು ಉಂಟು,” ಎನ್ನುತ್ತಾರೆ. ಪೆಟ್ಟಿಗೆಯ ಸೀಸ ಮುಗಿಯುವವರೆಗೆ ಮಾಡುವುದೆಂದು ತೀರ್ಮಾನವಾಗಿದೆ. ಮರ ಆಚಾರಿಯದು, ನೂಲು ಯಾದವನದು.

ಬಸ್ಸು ಹೊಗೆ ಬಿಟ್ಟು ಹೊರಟುಹೋದ ಮೇಲೆ ಕುಮುದಿನಿ ಚಟ್ಟಿ ಎತ್ತಿಕೊಂಡು ಬೋಳಾರಕ್ಕೆ ನಡೆಯುತ್ತಾರೆ. ಯಾದವ ಜಗಲಿಯಲ್ಲಿ ಕಾದು ಕುಳಿತಿದ್ದಾನೆ. ಹೆಂಡತಿಯ ಮುಖ ನೋಡಿ ತಿಳಿದುಕೊಂಡು ಪುನಃ ಬಲೆಗೆ ಕೈ ಹಾಕುತ್ತಾನೆ. ಗಂಜಿ ಊಟವಾದ ಮೇಲೆ, ಇನ್ನು ಏನಾದರೂ ಆಸೆ ಉಂಟೇ ಎಂದು ಈ ಬರಹಕ್ಕಾಗಿ ಕೇಳಿದಾಗ ಕುಮುದಿನಿ ತುರುಬಿನ ಪೆನ್ಸಿಲು ತೆಗೆದು ಪಕ್ಕಕ್ಕೆ ಇಡುತ್ತಾರೆ.

“ಒಂದು ಸಲ ಕಾರ್ಕಳಕ್ಕೆ ಹೋಗ್ಬೇಕು. ಬರೆದು ಬರೆದು ಸಾಕಾಯ್ತು, ನೋಡಿದ್ದು ಮಾತ್ರ ಇಲ್ಲ. ದೇವಸ್ಥಾನ, ಗುಡ್ಡ ಎಲ್ಲ ಇರ್ಲಿ, ಅದಲ್ಲ. ಅಲ್ಲಿ ಬುಟ್ಟಿ ಇಳಿಸ್ತಾರಲ್ಲ, ನನ್ನ ಚೀಟಿ ನೋಡಿ ಅವರವರ ಬುಟ್ಟಿ ತೆಕ್ಕೊಂಡು ಹೋಗ್ತಾರಲ್ಲ, ಅದನ್ನೊಂದು ನಿಂತು ನೋಡ್ಬೇಕು.”

“ಬುಟ್ಟಿಗಳ ಒಟ್ಟಿಗೆ ಮೇಲೆ ಕೂತು ಹೋಗು,” ಎನ್ನುತ್ತಾನೆ ಯಾದವ. “ನಿನ್ನ ಕುತ್ತಿಗೆಗೂ ಒಂದು ಚೀಟಿ ಕಟ್ತೇನೆ.”

“ಕಟ್ಟಿ. ಬರೆಯುವುದು ಮಾತ್ರ ನಾನೇ,” ಎನ್ನುತ್ತಾರೆ ಕುಮುದಿನಿ. “ನಾನು ಬರೆದದ್ದು ಊರು ಮುಟ್ತದೆ.”